ಪಕ್ಕದ ಸೀಟು

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟ ಬಸ್ಸಿನಲ್ಲಿ ಇಬ್ಬರು ಕೂರುವ ಸೀಟಿನ ಅಗಲ ಮೂವತ್ನಾಲ್ಕು ಇಂಚು. ಶರಣಕುಮಾರನಿಗೆ ಇದು ಗೊತ್ತಿರಲು ಕಾರಣ, ಎರಡು ವರ್ಷದ ಹಿಂದೆ ಅವನು ಇದೇ ದಾರಿಯ ಬಸ್ಸುಗಳಲ್ಲಿ ಟೇಪು ಹಿಡಿದುಕೊಂಡು ಅಳೆಯುತ್ತ ಕಂಡಕ್ಟರುಗಳಿಂದ ಬೈಸಿಕೊಂಡಿದ್ದ. ಇಬ್ಬರು ಗಂಡಸರು ಭುಜಕ್ಕೆ ಭುಜ ತಾಗಿಸಿ ಕೂತರೆ ಎಷ್ಟು ಜಾಗ ಬೇಕು, ಮೊಣಕೈ ಎಲ್ಲಿ ಹೋಗುತ್ತದೆ, ಒಬ್ಬ ದೀರ್ಘವಾಗಿ ಉಸಿರೆಳೆದರೆ ಇನ್ನೊಬ್ಬ ಎಷ್ಟು ಸರಿಯಬೇಕು ಎಂಬುದೆಲ್ಲ ಆಗ ಅವನಿಗೆ ದೊಡ್ಡ ಪ್ರಶ್ನೆಗಳಾಗಿದ್ದವು. ಎಂಜಿನ್ ಇಲ್ಲದೆ ಬರೀ ಗಾಳಿಯ ಮೇಲೆ ತೇಲುವ, ಇಬ್ಬರು ಕೂರುವ ಗ್ಲೈಡರೊಂದನ್ನು ಕಟ್ಟಲು ಹೊರಟವನಿಗೆ ಇವು ಪ್ರಶ್ನೆಗಳಾಗಲೇಬೇಕು. ಈಗ ಪಕ್ಕದಲ್ಲಿ ಕೂತ ಮುದುಕ ನಿದ್ದೆಯಲ್ಲಿ ಅವನ ಹೆಗಲಿಗೆ ತಲೆ ಕೊಟ್ಟಿದ್ದ. ಮುದುಕನ ಟೊಪ್ಪಿಗೆಯಿಂದ ಹಳೆಯ ಎಣ್ಣೆಯ ವಾಸನೆ ಬರುತ್ತಿತ್ತು. ಯಾರೋ ಏನೋ, ಯಾವ ಊರೋ, ಯಾವ ಕುಲವೋ. ಶರಣಕುಮಾರ ಹೆಗಲನ್ನು ಎಳೆದುಕೊಳ್ಳಲಿಲ್ಲ. ಗುರುತಿಲ್ಲದವನ ಪಕ್ಕದಲ್ಲಿ ಕೂರುವುದು ನನಗೆಂದೂ ಕಷ್ಟವಾಗಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ, ಮತ್ತು ಹಾಗೆ ಹೇಳಿಕೊಂಡದ್ದಕ್ಕೆ ತನ್ನ ಮೇಲೆ ಸಿಟ್ಟಾದ. ಈ ಬಗೆಯ ಪ್ರಮಾಣಪತ್ರಗಳನ್ನು ಅವನು ಇತ್ತೀಚೆಗೆ ದಿನಕ್ಕೆ ಎರಡು ಮೂರು ಬರೆದುಕೊಳ್ಳುತ್ತಿದ್ದ.

ಇವತ್ತು ಗ್ಲೈಡರಿನ ತೂಕ. ಹುಮನಾಬಾದಿನಲ್ಲಿ, ಹಳ್ಳಿಖೇಡದ ರಸ್ತೆಯ ಮೇಲಿರುವ ಸಂಜುಕುಮಾರನ ಶೆಡ್ಡಿನಲ್ಲಿ. ಸಂಜು ಕಬ್ಬಿನ ಟ್ರ್ಯಾಕ್ಟರುಗಳಿಗೆ ಟ್ರಾಲಿ ಕಟ್ಟಿಕೊಡುವವನು. ಹತ್ತು ವರ್ಷದ ಹಿಂದೆ ಶರಣಕುಮಾರ ಕಲಿಸುವ ಪಾಲಿಟೆಕ್ನಿಕ್‌ನಲ್ಲಿ ಅವನದೇ ವಿದ್ಯಾರ್ಥಿ. ನಕಾಶೆ ಶರಣಕುಮಾರನದು, ಕೈ ಸಂಜುವಿನದು ಎಂದು ಊರವರು ಹೇಳುತ್ತಿದ್ದರು. ಅರ್ಧ ನಕಾಶೆಯೂ ಸಂಜುವಿನದೇ ಎಂದು ಶರಣಕುಮಾರನಿಗೆ ಮಾತ್ರ ಗೊತ್ತು. ಮೂವತ್ತು ವರ್ಷ ಗ್ಲೈಡರ್ ಕಲಿಸಿ ನಿವೃತ್ತಿಯಾಗಿ ಹುಮನಾಬಾದಿನ ತವರಿಗೆ ಮರಳಿರುವ ಸುಮೇರಾ ಮೇಡಮ್ ಇವತ್ತು ಬಂದು ತೂಗಿ, ನೋಡಿ, ಇದು ಹಾರಲು ಲಾಯಕ್ಕೋ ಅಲ್ಲವೋ ಎಂದು ಮೊದಲ ಮಾತು ಹೇಳುವವರಿದ್ದರು. ಹೌದೆಂದರೆ ಅದನ್ನು ಬಿಚ್ಚಿ ಲಾರಿಯಲ್ಲಿ ಮಹಾರಾಷ್ಟ್ರದ ಕಡೆ ಒಯ್ಯುವುದು. ಇಲ್ಲಿ ಬೀದರದ ವಿಮಾನಪಡೆಯ ತರಬೇತಿ ವಿಮಾನಗಳು ಓಡಾಡುವ ಆಕಾಶ, ಗಾಳಿಪಟ ಬಿಟ್ಟು ಬೇರೇನೂ ಹಾರಿಸಲು ಯಾರೂ ಬಿಡುವುದಿಲ್ಲ. ಇದೆಲ್ಲ ಸರಿಯಿತ್ತು. ಅವನು ಹೆದರಿದ್ದು ಬೇರೆ ಕಾರಣಕ್ಕೆ. ಮೇಡಮ್ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಸೀಟುಗಳನ್ನು ಪಕ್ಕಪಕ್ಕ ಇಡುವುದು ಬಿಟ್ಟು ಒಂದರ ಹಿಂದೊಂದು ಯಾಕೆ ಇಟ್ಟಿರಿ? ಅದಕ್ಕೆ ಅವನ ಬಳಿ ನಾಲ್ಕು ಉತ್ತರಗಳಿದ್ದವು, ನಾಲ್ಕೂ ಪುಸ್ತಕದಲ್ಲಿ ಸಿಗುವಂಥವು. ಸಂಜುವಿನ ಎದುರು ಅವನ್ನು ಇನ್ನೊಮ್ಮೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ರಾಜೇಶ್ವರ ಬಂತು. ಶರಣಕುಮಾರ ಹುಟ್ಟಿದ ಊರು. ಬಸ್ಸು ನಿಂತಾಗ ಅವನು ಕಿಟಕಿಯಿಂದ ಮುಖ ತಿರುಗಿಸಿದ, ಯಾರಾದರೂ ನೋಡಿ ಇಳಿಸಿಕೊಂಡು ಚಹಾಕ್ಕೆ ಎಳೆಯುತ್ತಾರೆಂಬ ನೆವ ಹೇಳಿಕೊಂಡು. ಸಂಜುವಿನ ಅಪ್ಪ ಸಂಗಪ್ಪ ಈ ಊರಿನಲ್ಲೇ ಶರಣಕುಮಾರನ ಮನೆಯವರ ಹೊಲದಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಮನೆಗೆ ಬಂದರೆ ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದ. ಕೂರು ಎಂದು ಯಾರೂ ಹೇಳಿದ್ದಲ್ಲ, ಅಲ್ಲೇ ಕೂರು ಎಂದೂ ಯಾರೂ ಹೇಳಿದ್ದಲ್ಲ. ಜಾಗ ಅವನಿಗೆ ಗೊತ್ತಿತ್ತು, ಅಷ್ಟೆ. ಶರಣಕುಮಾರನ ತಾಯಿ ಒಳ್ಳೆಯವಳು, ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಅದೇ ಮೆಟ್ಟಿಲಿಗೆ ತಂದುಕೊಡುತ್ತಿದ್ದಳು. ಒಳ್ಳೆಯವರ ಮನೆ ಎಂದು ಸಂಗಪ್ಪನೂ ಹೇಳಿಕೊಂಡು ತಿರುಗಿದ. ಪಾಲಿಟೆಕ್ನಿಕ್‌ನಲ್ಲಿ ಪ್ರತಿವರ್ಷ ಬಸವ ಜಯಂತಿಯ ದಿನ ಭಾಷಣ ಮಾಡುವವನು ಶರಣಕುಮಾರನೇ. ಈ ನಮ್ಮ ಕಲ್ಯಾಣದಲ್ಲಿ ಒಂದು ಕಾಲಕ್ಕೆ ಎಲ್ಲರೂ ಒಂದೇ ಮಂಟಪದಲ್ಲಿ, ಒಂದೇ ಸಮದಲ್ಲಿ, ಪಕ್ಕಪಕ್ಕದಲ್ಲಿ ಕೂತಿದ್ದರು ಎಂದು ಹೇಳುವಾಗ ಅವನ ದನಿ ತುಂಬಿ ಬರುತ್ತದೆ. ಅದು ನಾಟಕವಲ್ಲ, ನಿಜಕ್ಕೂ ತುಂಬಿ ಬರುತ್ತದೆ. ಆ ನಿಜವೇ ಅವನಿಗೆ ಈಗ ಅಸಹ್ಯವಾಗಿತ್ತು. ಮುದುಕ ರಾಜೇಶ್ವರದಲ್ಲಿ ಇಳಿದುಹೋದ ಮೇಲೆ ಪಕ್ಕ ಖಾಲಿಯಾಗಿ ಉಳಿಯಿತು.

ಮೊದಲ ನಕಾಶೆಯಲ್ಲಿ ಸೀಟುಗಳು ಪಕ್ಕಪಕ್ಕದಲ್ಲೇ ಇದ್ದವು. ಸಂಜು ಪ್ಲೈವುಡ್ಡಿನಲ್ಲಿ ಅದರ ಮಾದರಿಯನ್ನು, ಕೂತು ನೋಡುವಷ್ಟು ಗಟ್ಟಿಯಾಗಿ, ಮಾಡಿ ಶೆಡ್ಡಿನಲ್ಲಿ ನಿಲ್ಲಿಸಿದ್ದ. ಬಲಗಡೆಯ ಸೀಟನ್ನು ಐದು ಬೆರಳಿನಷ್ಟು ಹಿಂದಕ್ಕೆ ಸರಿಸಿದ್ದ. ಯಾಕೆಂದು ಕೇಳಿದರೆ, “ನನ್ನ ಭುಜ ನಿಮ್ಮ ಭುಜಕ್ಕ ತಾಗಬಾರದಲ್ರಿ ಸರ್, ಕೈ ಆಡ್ಸಾಕ ತ್ರಾಸ ಆಗ್ತದ” ಎಂದಿದ್ದ. ಇಬ್ಬರೂ ಏರಿ ಕೂತರು. ನಡುವೆ ಒಂದೇ ಹಿಡಿಕೆ, ಎದುರಿಗೆ ಒಂದೇ ಮೀಟರುಗಳ ಹಲಗೆ, ಇಬ್ಬರಿಗೂ ಕಾಣುವಂತೆ. ಸಂಜು ಕಣ್ಣು ಮುಚ್ಚಿಕೊಂಡು, “ಈಗ ನಾರಾಯಣಪುರದ ಗುಡಿ ಮ್ಯಾಲೆ ಅದೀವ್ರಿ” ಎಂದ. ಶರಣಕುಮಾರ ಎಡಕ್ಕೆ ವಾಲಿಸು ಎಂದ. ಇಬ್ಬರೂ ಎಡಕ್ಕೆ ವಾಲಿದರು, ನಲವತ್ತೊಂಬತ್ತು ವರ್ಷದ ಮಾಸ್ತರ ಮತ್ತು ಮೂವತ್ತರ ಟ್ರಾಲಿಯವನು, ಪ್ಲೈವುಡ್ಡಿನೊಳಗೆ. ಅಂಥ ಸುಖ ಅವನಿಗೆ ಅದಕ್ಕೆ ಮುಂಚೆ ಆಗಿರಲಿಲ್ಲ. ಆಮೇಲೂ ಆಗಿಲ್ಲ.

ಆಗಲೇ ಬಾಗಿಲಲ್ಲಿ ಕಾರು ನಿಂತದ್ದು. ಬಸವಣಪ್ಪ, ಅವನ ಸೋದರಮಾವ, ಪಾಲಿಟೆಕ್ನಿಕ್ ನಡೆಸುವ ಸಂಸ್ಥೆಯ ಅಧ್ಯಕ್ಷ, ಜೊತೆಗೆ ಇಬ್ಬರು ಸದಸ್ಯರನ್ನು ಕರೆದುಕೊಂಡು ಬಂದಿದ್ದ. ಮೂವರೂ ಬಿಸಿಲಿನಿಂದ ಒಳಗೆ ಬಂದು ಕಣ್ಣು ಹೊಂದಿಸಿಕೊಳ್ಳುತ್ತ ನಿಂತರು. ಬಸವಣಪ್ಪ ನಕ್ಕ. “ಏನಪಾ ಶರಣೂ, ಸಂಗಪ್ಪನ ಮಗನ ಮಗ್ಗಲಾಗ ಕುಂತಿ. ಜೋಡಿ ಛಲೋ ಕಾಣಾಕತ್ತದ ನೋಡು.” ಅಷ್ಟೇ. ಬೈಗುಳವಲ್ಲ, ಬೆದರಿಕೆಯಲ್ಲ. ಮಾವ ಅಳಿಯನಿಗೆ ಮಾಡುವ ಚೇಷ್ಟೆ. ಸದಸ್ಯರು ಹಲ್ಲು ಕಿರಿದರು. ಶರಣಕುಮಾರ ಎದ್ದ. ಎದ್ದೇಬಿಟ್ಟ, ಯಾರೋ ಕೆಳಗಿನಿಂದ ಸೂಜಿ ಚುಚ್ಚಿದಂತೆ. ಪ್ಯಾಂಟು ಮೊಳೆಗೆ ಸಿಕ್ಕಿ ತೊಡೆಯ ಹತ್ತಿರ ಪರ್ರೆಂದು ಹರಿಯಿತು. ಹರಿದುದನ್ನು ಕೈಯಿಂದ ಮುಚ್ಚಿಕೊಂಡು ಕೆಳಗಿಳಿಯುತ್ತ, “ಬರೇ ಅಳತಿ ನೋಡಾಕತ್ತಿದ್ದೆ ಮಾವಾ” ಎಂದ. ಸಂಜು ಕೂತೇ ಇದ್ದ. ಖಾಲಿಯಾದ ಎಡಗಡೆಯ ಸೀಟಿನ ಮೇಲೆ ಅಂಗೈ ಆಡಿಸಿ, ಅಲ್ಲಿ ಇಲ್ಲದ ಕಟ್ಟಿಗೆಯ ಪುಡಿಯನ್ನು ಒರೆಸಿದ. ಆಮೇಲೆ ಅವನೂ ಇಳಿದು ದೊಡ್ಡವರಿಗೆ ಕುರ್ಚಿ ತರಲು ಹೋದ.

ಹನ್ನೊಂದು ದಿನಗಳಲ್ಲಿ ಹೊಸ ನಕಾಶೆ ತಯಾರಾಯಿತು. ಹನ್ನೊಂದು ದಿನವೂ ಅವನು ಪುಸ್ತಕ ಓದಿದ. ಪಕ್ಕಪಕ್ಕ ಕೂತರೆ ಗ್ಲೈಡರಿನ ಒಡಲು ಅಗಲವಾಗುತ್ತದೆ, ಗಾಳಿ ಹೆಚ್ಚು ತಡೆಯುತ್ತದೆ. ಒಂದರ ಹಿಂದೊಂದು ಇಟ್ಟರೆ ಸಪೂರ, ಜಾರಿಕೊಂಡು ಹೋಗುತ್ತದೆ. ಹಿಂದಿನ ಸೀಟು ಸರಿಯಾಗಿ ತೂಕದ ನಡುವಿಗೆ ಬರುತ್ತದೆ. ಇದೆಲ್ಲ ಸತ್ಯವೇ. ಸತ್ಯ ಇಷ್ಟು ಅನುಕೂಲವಾಗಿ ಒದಗಿ ಬಂದದ್ದು ಅವನ ಜೀವನದಲ್ಲಿ ಅದೇ ಮೊದಲು. ಮನೆಯಲ್ಲಿ ಹೆಂಡತಿ ಜಯಮಾಲಾ, “ಅದೇನು ಅಷ್ಟ ಗೀಚಿ ಗೀಚಿ ಅಳಸಾಕತ್ತೀರಿ?” ಎಂದರೆ, ಗಾಳಿಯ ಎಳೆತ ಎಂದು ಅವಳಿಗೂ ಪಾಠ ಹೇಳಿದ್ದ. ಬಸವಣಪ್ಪನಿಗೆ ನಕಾಶೆ ತೋರಿಸುವಾಗ, ಮುಂದಿನ ಸೀಟು ಮುಖ್ಯ ಚಾಲಕನದು, ಅಂದರೆ ತನ್ನದು, ಹಿಂದಿನದು ಸಹಾಯಕನದು ಎಂದ. ಬಸವಣಪ್ಪ ಅದನ್ನು ಹಾಗೆಯೇ ಸಂಸ್ಥೆಯ ವರದಿಯಲ್ಲಿ ಅಚ್ಚು ಹಾಕಿಸಿದ. ಸಂಜುವಿಗೆ ತೋರಿಸುವಾಗ ಮಾತ್ರ ಬೇರೆ ಮಾತು. ಗ್ಲೈಡರಿನಲ್ಲಿ ಕಲಿಯುವವನು ಮುಂದೆ, ಗುರು ಹಿಂದೆ, ನಿನಗೆ ಗುರುವಿನ ಜಾಗ ಕೊಟ್ಟಿದ್ದೇನೆ ನೋಡು ಎಂದಿದ್ದ. ಇದೂ ಸತ್ಯವೇ. ಸಂಜು ನಕಾಶೆಯನ್ನು ಬಹಳ ಹೊತ್ತು ನೋಡಿದ. “ಮತ್ತ ಮಾತಾಡೋದು ಹ್ಯಾಂಗ್ರಿ ಸರ್?” ಎಂದು ಒಂದೇ ಒಂದು ಕೇಳಿದ. “ಎಂಜಿನ್ ಇಲ್ಲಲ್ಲೋ, ಕೇಳಸ್ತದ.” “ಆತ್ರಿ” ಎಂದ ಸಂಜು. ಆಗಲೇ ಬೆಸುಗೆ ಹಾಕಿಟ್ಟಿದ್ದ ಅಗಲ ಚೌಕಟ್ಟನ್ನು, ನಾಲ್ಕು ತಿಂಗಳ ಕೆಲಸವನ್ನು, ಮರುದಿನ ಕತ್ತರಿಸಿ ಯಾವುದೋ ಟ್ರಾಲಿಗೆ ಸೇರಿಸಿಬಿಟ್ಟ. ಅದಾದ ಮೇಲೆ ಅವನು ಸುಮೇರಾ ಮೇಡಮ್ಮರ ಶಿಫಾರಸಿನ ಚೀಟಿ ಹಿಡಿದು ಪುಣೆಯ ಕಡೆ ಹೋಗಿ ಗ್ಲೈಡರ್ ಹಾರಿಸುವುದನ್ನು ಕಲಿತು ಬಂದ. ಶರಣಕುಮಾರ ಹೋಗಲಿಲ್ಲ. ಪರೀಕ್ಷೆಯ ಕೆಲಸವಿತ್ತು, ಆಮೇಲೆ ಬೀಪಿ ಇತ್ತು.

ಶೆಡ್ಡಿನ ಹೊರಗೆ ಎರಡು ಅರೆಬರೆ ಟ್ರಾಲಿಗಳು, ಒಳಗೆ ಗ್ಲೈಡರ್. ರೆಕ್ಕೆಗಳು ಶೆಡ್ಡಿನಲ್ಲಿ ಹಿಡಿಸದೆ ಎರಡೂ ಕಡೆ ತಗಡು ಬಿಚ್ಚಿ ಹೊರಕ್ಕೆ ಬಿಟ್ಟಿದ್ದರು. ಬೆಲ್ಲದ ಅಡತಿ ಅಂಗಡಿಯಿಂದ ತಂದ ಮೂರು ತೂಕದ ಕಾಟಾಗಳ ಮೇಲೆ ಅದು ನಿಂತಿತ್ತು, ಮೂಗಿಗೊಂದು, ಗಾಲಿಗೊಂದು, ಬಾಲಕ್ಕೊಂದು. ಸುಮೇರಾ ಮೇಡಮ್ ಕನ್ನಡಕ ಹಣೆಗೇರಿಸಿ ಕಾಕ್‌ಪಿಟ್ಟಿನಲ್ಲಿ ಅರ್ಧ ಮುಳುಗಿದ್ದರು. ಸಂಜು ಬಂದು, “ಬರ್ರಿ ಸರ್, ನೀರು ಕುಡೀತೀರಿ?” ಎಂದ. ಅವನ ಮರ್ಯಾದೆಯಲ್ಲಿ ಎರಡು ವರ್ಷದಿಂದ ಒಂದು ಕೂದಲೆಳೆಯೂ ಕಮ್ಮಿಯಾಗಿರಲಿಲ್ಲ. ಕಮ್ಮಿಯಾಗಲಿ ಎಂದು ಶರಣಕುಮಾರ ಎಷ್ಟೋ ಸಲ ಕಾದಿದ್ದ. ಒಮ್ಮೆ ಎದುರು ಮಾತಾಡಿದರೆ, ಒಮ್ಮೆ ಮುಖ ಸಿಂಡರಿಸಿದರೆ, ತಾನೂ ಬಾಯಿ ಬಿಡಬಹುದು. ಸಂಜು ಆ ಉಪಕಾರವನ್ನು ಮಾಡಲೇ ಇಲ್ಲ.

“ಕೆಲಸ ಭಾಳ ಸಾಫ್ ಅದ” ಎಂದು ಮೇಡಮ್ ಮೇಲೆದ್ದರು. “ಡಿಸೈನ್ ಯಾರ್ದು?”

“ಸರ್‌ದ್ರಿ” ಎಂದ ಸಂಜು, ತಡವಿಲ್ಲದೆ.

“ಒಂದು ಕೇಳ್ತೀನಿ ಮಾಸ್ತರ್, ಬ್ಯಾಸರ ಮಾಡ್ಕೋಬ್ಯಾಡ್ರಿ. ಹೊಸಬರಿಗೆ ಕಲಿಸೋ ಗಾಡಿ ಇದು. ಸೀಟು ಬಾಜೂ ಬಾಜೂ ಯಾಕ ಇಡ್ಲಿಲ್ಲ? ನನಗಂತೂ ಅದೇ ಪಸಂದ್. ಬಾಜೂ ಕುಂತ್ರ ಕಲಿಯೋರ ಮುಖ ಕಾಣ್ತದ. ಅಂವ ಹೆದರ್ಯಾನೋ, ಸುಮ್ಮ ಧೈರ್ಯ ತೋರ್ಸಾಕತ್ತಾನೋ, ತಿಳೀತದ.”

ಶರಣಕುಮಾರ ಆಗಲೇ ನಿಜವನ್ನು ಹೇಳಿಬಿಡಬಹುದಿತ್ತು. ಹೇಳುವ ಮೊದಲೇ ಸಂಜು ಶುರು ಮಾಡಿದ, ತರಗತಿಯಲ್ಲಿ ಎದ್ದು ನಿಂತು ಉತ್ತರ ಒಪ್ಪಿಸುವವನಂತೆ. “ಬಾಜೂ ಇಟ್ರ ಬಾಡಿ ಅಗಲ ಆಗ್ತದ್ರಿ ಮೇಡಮ್, ಗಾಳಿ ಎಳೀತದ. ಹಿಂಗ ಇಟ್ರ ಸಪೂರ. ಹಿಂದಿನ ಸೀಟು ತೂಕದ ನಡಕ್ಕ ಬರ್ತದ, ಅಲ್ಲಿ ಮನಷ್ಯಾ ಇದ್ದರೂ ಅಷ್ಟ, ಇಲ್ಲದಿದ್ದರೂ ಅಷ್ಟ, ಫರಕ ಬೀಳಂಗಿಲ್ಲ.” ಪದಕ್ಕೆ ಪದ ಶರಣಕುಮಾರನವೇ. ಕೊನೆಯ ಮಾತನ್ನಂತೂ ಅವನು ಇದೇ ಶೆಡ್ಡಿನಲ್ಲಿ, ಇದೇ ಹುಡುಗನ ಮುಖ ನೋಡುತ್ತ, ಸೀಮೆಸುಣ್ಣದಿಂದ ನೆಲದ ಮೇಲೆ ಚಿತ್ರ ಬರೆದು ಹೇಳಿದ್ದ. ಆಗ ಅದು ಬರೀ ವಿಜ್ಞಾನವಾಗಿ ಕೇಳಿಸಿತ್ತು. ತಾನು ಹೇಳಿದ್ದನ್ನು ಬೇರೊಬ್ಬನ ಬಾಯಲ್ಲಿ ಕೇಳುವ ಶಿಕ್ಷೆಯನ್ನು ಯಾರು ಕಂಡುಹಿಡಿದರೋ ಎಂದುಕೊಂಡ.

“ಖರೇ ಅದ, ಖರೇ ಅದ” ಎಂದು ಮೇಡಮ್ ತಲೆಯಾಡಿಸಿದರು. ಮೇಜಿನ ಮೇಲಿದ್ದ ಸಂಸ್ಥೆಯ ವರದಿಯನ್ನು ಎತ್ತಿಕೊಂಡು ಓದಿ ನಕ್ಕರು. “ಆದ್ರ ಇದ್ಯಾರು ಬರದೋರು? ಮುಂದಿನ ಆಸನ ಮುಖ್ಯ ಚಾಲಕ ಶರಣಕುಮಾರ, ಹಿಂದಿನ ಆಸನ ಸಹಾಯಕ ಸಂಜುಕುಮಾರ ಅಂತ. ಉಲ್ಟಾ ಅದ. ಕಲಿಯೋರು ಮುಂದ, ಕಲಿಸೋರು ಹಿಂದ. ನಿಮಗ ಗೊತ್ತಿರಬೇಕಲ್ಲ ಮಾಸ್ತರ್?”

ಗೊತ್ತಿತ್ತು. ಅವನು ಸಂಜುವಿನ ಕಡೆ ನೋಡದೆ, “ಅಚ್ಚಿನ ತಪ್ಪ್ರಿ” ಎಂದ. ಮಾವನಿಗೊಂದು ಸತ್ಯ, ಶಿಷ್ಯನಿಗೊಂದು ಸತ್ಯ ಹಂಚಿದ್ದು ಹೀಗೆ ಒಂದೇ ಹಾಳೆಯಲ್ಲಿ ಬಯಲಾಗಿ ಬಿದ್ದಿತ್ತು. ಸಂಜು ವರದಿಯನ್ನು ನೋಡಲು ಬಗ್ಗಲೂ ಇಲ್ಲ. ಅಂದರೆ ಅವನು ಅದನ್ನು ಮೊದಲೇ ಓದಿದ್ದ. ಓದಿಯೂ ಇಷ್ಟು ದಿನ ನೀರು ಕುಡೀತೀರಿ ಎಂದು ಕೇಳುತ್ತಲೇ ಇದ್ದ. 

ಖಾಲಿ ತೂಕ ಮುಗಿದ ಮೇಲೆ ಇಬ್ಬರನ್ನೂ ಕೂರಿಸಿ ತೂಗಬೇಕಿತ್ತು. ಶರಣಕುಮಾರ ಮುಂದೆ ಹತ್ತಿದ. ಸಂಜುವೇ ಬಗ್ಗಿ ಅವನ ಬೆಲ್ಟು ಬಿಗಿದ, ಎರಡು ಭುಜದ ಮೇಲೆ, ಎರಡು ಸೊಂಟಕ್ಕೆ. “ಬಿಗಿ ಆತೇನ್ರಿ?” ಎಂದು ಕೇಳಿ ಒಂದಿಷ್ಟು ಸಡಿಲಿಸಿದ. ಆಮೇಲೆ ಹಿಂದೆ ಹತ್ತಿದ. ಒಡಲು ಸಣ್ಣಗೆ ಕುಸಿದು ನಿಂತಿತು, ಮತ್ತೆ ಸದ್ದಿಲ್ಲ. ಎದುರಿಗೆ ಮೀಟರುಗಳ ಹಲಗೆ, ಅದರಾಚೆ ತೆರೆದ ಬಾಗಿಲಲ್ಲಿ ರಸ್ತೆ, ರಸ್ತೆಯ ಮೇಲೆ ಕಬ್ಬು ಹೇರಿದ ಲಾರಿ. ಎಲ್ಲ ಕಾಣುತ್ತಿತ್ತು, ಸಂಜು ಒಬ್ಬನನ್ನು ಬಿಟ್ಟು. ತಾನೇ ಎಳೆದ ಗೆರೆಗಳೊಳಗೆ ಕೂತು ಅವನಿಗೆ ಈ ವಿನ್ಯಾಸದ ನಿಜವಾದ ಗುಣ ಈಗ ತಿಳಿಯಿತು. ಹಿಂದಿನವನು ಮುಂದಿನವನ ಕುತ್ತಿಗೆಯನ್ನು ನೋಡುತ್ತಲೇ ಇರುತ್ತಾನೆ, ಮುಂದಿನವನಿಗೆ ಯಾರೂ ಕಾಣುವುದಿಲ್ಲ. ತನ್ನ ಕುತ್ತಿಗೆಯ ಹಿಂದೆ ಕೂದಲು ನೆರೆತಿದೆ, ಕಾಲರು ಮಾಸಿದೆ ಎಂದು ನೆನಪಾಯಿತು. ಮೇಡಮ್ ಬಾಲದ ಕಡೆ ಹೋಗಿ ಕಾಟಾದ ಮುಂದೆ ಕುಕ್ಕುರುಗಾಲಲ್ಲಿ ಕೂತರು. “ಅಲುಗಾಡಬ್ಯಾಡ್ರಿ ಇಬ್ರೂ. ನಂಬರ್ ನಿಲ್ಲಬೇಕು” ಎಂದು ಅಲ್ಲಿಂದಲೇ ಹೇಳಿದರು.

ಮುಖ ಕಾಣದೆ ಇರುವುದೇ ಅವನಿಗೆ ಧೈರ್ಯ ಕೊಟ್ಟಿತು. ಹೇಡಿಯ ಧೈರ್ಯ ಎಂದು ಗೊತ್ತಿದ್ದೂ ಅದನ್ನು ಬಿಡಲಿಲ್ಲ.

“ಸಂಜು.”

“ಹ್ಞಾಂ ಸರ್.”

“ಆ ಎಳೆತ, ಸಪೂರ, ಅದೆಲ್ಲ ಖರೇ ಅದ. ಆದ್ರ ನಾ ಸೀಟು ಬದಲಿ ಮಾಡಿದ್ದು ಅದಕ್ಕಲ್ಲ.” ದನಿ ಮೇಡಮ್ಮರಿಗೆ ಕೇಳದಷ್ಟು ಸಣ್ಣದಿತ್ತು. “ಅವತ್ತ ಮಾವ ಬಂದು ಹಂಗ ಅಂದಾಗ ನನಗ ನಾಚಿಕಿ ಆತು. ನಿನ್ನ ಮಗ್ಗಲಾಗ ಕುಂತಿದ್ದಕ್ಕ ನಾಚಿಕಿ ಆತು. ಅದಕ್ಕ ಮಾಡ್ದೆ.”

 ರಸ್ತೆಯ ಮೇಲೆ ಲಾರಿ ದಾಟಿಹೋಯಿತು. ಎದೆಯಿಂದ ಒಂದು ಭಾರ ಇಳಿದಂತಾಗಿ, ಇಳಿದದ್ದಕ್ಕೇ ಅವನಿಗೆ ಅಳು ಬರುವಂತಾಯಿತು. ಈಗ ಅವನು ಬೈಯಲಿ. ಬೈದರೆ ಇಬ್ಬರೂ ಮೊದಲಿನಂತಾಗಬಹುದು.

“ಗೊತ್ತದ್ರಿ ಸರ್” ಎಂದ ಸಂಜು.

“ಯಾವಾಗಿಂದ?”

“ನೀವು ಎದ್ದಾಗಿಂದ.”

“ಮತ್ತ ಯಾಕ ಸುಮ್ಮನಾದಿ? ನಾಕು ತಿಂಗಳ ಕೆಲಸ ಕಡದು ಹಾಕಿದಿ. ಒಂದು ಮಾತು ಕೇಳಬಾರದಿತ್ತಾ?”

“ಕೇಳಿ ಏನ್ ಮಾಡೋದಿತ್ರಿ.”

ಶರಣಕುಮಾರ ಬೆಲ್ಟಿನೊಳಗೇ ತಿರುಗಲು ನೋಡಿದ. ಭುಜದ ಪಟ್ಟಿ ಹಿಡಿದು ನಿಲ್ಲಿಸಿತು. “ಮಾಸ್ತರ್, ಅಲುಗಾಡಾಕತ್ತೀರಿ” ಎಂದು ಮೇಡಮ್ ಕೂಗಿದರು. ಅವನು ಮುಂದಕ್ಕೆ ನೋಡುತ್ತಲೇ, ಮಾತುಗಳನ್ನು ಒಂದರ ಮೇಲೊಂದು ಹೇರುತ್ತ ಹೇಳಿದ. “ಕೇಳಿಲ್ಲಿ. ಇದನ್ನ ಬಿಚ್ಚೋಣು. ಮತ್ತ ಮೊದಲಿನ ಹಂಗ ಮಾಡೋಣು, ಬಾಜೂ ಬಾಜೂ. ವರ್ಷ ಹಿಡೀಲಿ, ಎರಡು ವರ್ಷ ಹಿಡೀಲಿ. ಮಾವಗ ನಾ ಹೇಳ್ತೇನಿ. ಎಲ್ಲಾರ ಮುಂದ ನಾನೇ ಹೇಳ್ತೇನಿ. ನಾವಿಬ್ರೂ ಕೂಡೋಣು.”

ಇಷ್ಟು ಹೇಳಿ ಮುಗಿಸುವಾಗ ಅವನ ದನಿ ಬಸವ ಜಯಂತಿಯ ದಿನದಂತೆ ತುಂಬಿ ಬಂದಿತ್ತು. ಅದು ಅವನಿಗೇ ಕೇಳಿಸಿತು.

 ಸಂಜುವಿನ ಮಾತಿನಲ್ಲಿ ಸಿಟ್ಟು ಹುಡುಕಿದರೂ ಇರಲಿಲ್ಲ. ಗಿರಾಕಿಗೆ ಟ್ರಾಲಿಯ ಅಳತೆ ಹೇಳುವ ದನಿ.

“ಬ್ಯಾಡ್ರಿ ಸರ್, ಹಿಂಗೇ ಇರ್ಲಿ. ನೀವು ನಕಾಶೆ ತಂದ ದಿನ ನನಗೂ ಇದೇ ಛಲೋ ಅನಸ್ತು. ಬಾಜೂ ಕುಂತ್ರ, ನೀವು ಯಾವಾಗ ಎದ್ದು ಹೋಗ್ತೀರಿ ಅಂತ ನಿಮ್ಮನ್ನೇ ನೋಡ್ಕೋತ ಕೂಡಬೇಕಾಗ್ತದ. ಮತ್ತ ನಾ ಹಾರಸೋದು ಯಾವಾಗ್ರಿ?”

ಶರಣಕುಮಾರ ಹಿಡಿಕೆಯ ಮೇಲಿದ್ದ ಕೈಯನ್ನು ತೆಗೆಯಲಿಲ್ಲ, ಉಸಿರನ್ನೂ ಬಿಡಲಿಲ್ಲ. ಬಾಲದ ಕಡೆಯಿಂದ ಸುಮೇರಾ ಮೇಡಮ್ ಪೆನ್ಸಿಲ್ಲಿನಿಂದ ಏನೋ ಬರೆದುಕೊಳ್ಳುತ್ತ, “ಈಗ ನಿಂತದ ನೋಡ್ರಿ ನಂಬರ್. ಶಾಬಾಸ್, ಇಬ್ರೂ ಛಲೋ ಕುಂತೀರಿ” ಎಂದರು.